ಸರ್ಕಾರೀ ವಕೀಲನ ತಪ್ಪೂ ನೊಂದವಳ ನ್ಯಾಯವೂ

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬ ಗಾದೆ ಕನ್ನಡಿಗರ ಮನೆಮನೆಯಲ್ಲಿಯೂ ಬಳಕೆಯಲ್ಲಿರುವುದು. ಸಂಸಾರದ ಸಣ್ಣಪುಟ್ಟ ಮುನಿಸುಗಳಿಗೆ ಈ ಮಾತು ಸಲ್ಲುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಂಡನು ಹೆಂಡತಿಯ ಮೇಲೆ ಕೈಯೆತ್ತುವ ಮನೆಗೆ ಇದೇ ಗಾದೆಯನ್ನು ಅನ್ವಯಿಸಿದರೆ ಅದು ವಿವೇಕದ ಮಾತಾಗಿ ಉಳಿಯದೆ, ಕದಕ್ಕೆ ಹೊರಗಿನಿಂದ ಹಾಕಿದ ಅಗುಳಿಯಾಗುವುದು. ನೆರೆಹೊರೆಯವರು ಮಾತ್ರವಲ್ಲ, ಕಾನೂನು ಕೂಡ ಬಹುಕಾಲ ಈ ಗಾದೆಯನ್ನೇ ನಂಬಿಕೊಂಡು ಬಾಗಿಲಾಚೆ ನಿಂತಿತ್ತು. ಅಮೆರಿಕದ ಉತ್ತರ ಕೆರೊಲಿನಾ ಪ್ರಾಂತದ ಶ್ರೇಷ್ಠ ನ್ಯಾಯಾಲಯವು ೧೮೬೮ರಲ್ಲಿ, ಹೆಂಡತಿಯನ್ನು ಬೆತ್ತದಿಂದ ಹೊಡೆದವನೊಬ್ಬನ ವಿಷಯದಲ್ಲಿ, ಇಂತಹ ಅಲ್ಪ ಹಿಂಸೆಗಾಗಿ ಸಂಸಾರದ ಒಳಗೆ ಕೈಹಾಕುವುದು ನ್ಯಾಯಾಲಯಕ್ಕೆ ಉಚಿತವಲ್ಲವೆಂದು ಬಿಟ್ಟುಬಿಟ್ಟಿತು. ೧೮೭೧ರಲ್ಲಿ ಅಲಬಾಮಾ ಪ್ರಾಂತದ ನ್ಯಾಯಾಲಯವು, ಹೆಂಡತಿಯನ್ನು ಹೊಡೆಯುವ ಹಕ್ಕು ಗಂಡನಿಗೆ ಇಲ್ಲವೆಂದು ಸ್ಪಷ್ಟವಾಗಿ ಸಾರಿತು. ೧೮೭೪ರಲ್ಲಿ ಉತ್ತರ ಕೆರೊಲಿನಾವೂ ಆ ಹಕ್ಕನ್ನು ನಿರಾಕರಿಸಿತು. ನಿರಾಕರಿಸಿಯೂ, ಬಾಳುವ ಗಾಯವೇನೂ ಆಗದಿದ್ದಲ್ಲಿ ತೆರೆಯೆಳೆದು ಸುಮ್ಮನಿರುವುದು ಲೇಸೆಂದು ಸೇರಿಸಿತು. ಭಾರತದಲ್ಲಿ ಗಂಡನ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಪ್ರತ್ಯೇಕ ಅಪರಾಧವೆಂದು ದಂಡಸಂಹಿತೆಯಲ್ಲಿ ಬರೆದದ್ದು ೧೯೮೩ರಲ್ಲಿ. ಕೌಟುಂಬಿಕ ದೌರ್ಜನ್ಯದಿಂದ ಸ್ತ್ರೀಯರನ್ನು ರಕ್ಷಿಸುವ ಶಾಸನವು ಬಂದದ್ದು ೨೦೦೫ರಲ್ಲಿ. ಇಷ್ಟು ತಡವಾಗಿ, ಇಷ್ಟು ಕಷ್ಟದಿಂದ ತೆರೆದ ಬಾಗಿಲು ಮತ್ತೆ ಮುಚ್ಚಿಕೊಂಡೀತೆಂಬ ಭೀತಿ ನೊಂದವರಿಗೆ ಸಹಜವಾಗಿದೆ. ಈ ಭೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಪ್ರಶ್ನೆಯನ್ನು ವಿಚಾರಿಸಬೇಕು.

ಅಮೆರಿಕದ ಒಂದು ಪಟ್ಟಣದಲ್ಲಿ ಒಬ್ಬನ ಮೇಲೆ ಹೆಂಡತಿಯನ್ನು ಹೊಡೆದ ಆರೋಪ ಬಂದು, ಜೂರಿಯವರು ಅವನನ್ನು ಅಪರಾಧಿಯೆಂದು ನಿರ್ಣಯಿಸಿದರೆಂದು ಕಲ್ಪಿಸಿಕೊಳ್ಳಬಹುದು. ವಿಚಾರಣೆಯ ಕಡೆಯಲ್ಲಿ ಸರ್ಕಾರೀ ವಕೀಲನು ಜೂರಿಯವರನ್ನು ಕುರಿತು ಮೂರು ಮಾತುಗಳನ್ನಾಡಿದನು: ಈಕೆ ಸತ್ಯವಂತೆಯೆಂಬುದನ್ನು ತಾನು ಬಲ್ಲೆನೆಂಬುದು ಒಂದು, ಆರೋಪಿಯು ಸಾಕ್ಷಿಯ ಕಟ್ಟೆಯನ್ನೇರಿ ಒಂದು ಮಾತನ್ನೂ ಆಡಲಿಲ್ಲವೆಂಬುದು ಎರಡು, ಊರಿನ ಎಲ್ಲ ಗಂಡಂದಿರಿಗೂ ಬುದ್ಧಿ ಬರುವಂತಹ ತೀರ್ಪನ್ನು ಕೊಡಬೇಕೆಂಬುದು ಮೂರು. ತೀರ್ಪಾದ ಮೇಲೆ ಇನ್ನೊಂದು ಸಂಗತಿ ಹೊರಬಿದ್ದಿತು. ಪೆಟ್ಟುಬಿದ್ದ ರಾತ್ರಿ ಆಕೆ ಪೊಲೀಸಿನವನಿಗೆ, ತಾನು ಮೆಟ್ಟಿಲಿಂದ ಜಾರಿ ಬಿದ್ದೆನೆಂದು ಮೊದಲು ಹೇಳಿದ್ದಳು. ಆ ಹೇಳಿಕೆಯ ಟಿಪ್ಪಣಿ ಸರ್ಕಾರೀ ವಕೀಲನ ಕಡತದಲ್ಲಿಯೇ ಇದ್ದರೂ ಎದುರು ಪಕ್ಷದ ವಕೀಲನಿಗೆ ಕೊಡಲ್ಪಟ್ಟಿರಲಿಲ್ಲ. ಶಿಕ್ಷೆಗೊಳಗಾದವನು ಇದನ್ನೆಲ್ಲ ಮುಂದಿಟ್ಟುಕೊಂಡು ಅಪೀಲು ಮಾಡಿಕೊಂಡನು. ತಪ್ಪು ಮಾಡಿದವನು ಸರ್ಕಾರೀ ವಕೀಲ. ತೀರ್ಪು ರದ್ದಾದರೆ ಕಷ್ಟಕ್ಕೊಳಗಾಗುವವಳು ಪೆಟ್ಟು ತಿಂದವಳು. ಹೀಗಿರಲಾಗಿ ಆ ಅಪೀಲನ್ನು ಪುರಸ್ಕರಿಸುವುದು ನ್ಯಾಯವೆ?

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಯಾವ ನೀತಿ? ಮೊದಲ ವಿಚಾರಣೆಗೆ ಬರುವುದಕ್ಕೇ ಆಕೆ ಎಷ್ಟು ಧೈರ್ಯವನ್ನು ಕೂಡಿಸಿಕೊಂಡಿದ್ದಳೋ! ಅತ್ತೆಯ ಮನೆಯವರ ನಿಂದೆ, ಮಕ್ಕಳ ಮುಖ, ನಾಳೆಯ ಅನ್ನದ ಚಿಂತೆ, ಪರರೆದುರಿಗೆ ಮೈಮೇಲಿನ ಬಾಸುಂಡೆಗಳನ್ನು ವರ್ಣಿಸುವ ನಾಚಿಕೆ, ಇಷ್ಟನ್ನೂ ದಾಟಿಕೊಂಡು ಬಂದವಳು. ಎರಡು ಮೂರು ವರ್ಷಗಳ ಮೇಲೆ ಆಕೆಯನ್ನು ಮತ್ತೆ ಕರೆದು, ಅದೇ ಕಟ್ಟೆಯಲ್ಲಿ ನಿಲ್ಲಿಸಿ, ಅದೇ ಪ್ರಶ್ನೆಗಳನ್ನು ಕೇಳುವುದೆಂದರೆ ಮಾಯುತ್ತಿರುವ ಹುಣ್ಣನ್ನು ಕೆರೆದಂತೆಯೇ ಸರಿ. ಕೆಲವರು ಎರಡನೆಯ ಸಲ ಬರುವುದೇ ಇಲ್ಲ. ಬಾರದಿದ್ದರೆ ಆರೋಪಿಯು ನಗುತ್ತ ಮನೆಗೆ ಹೋಗುವನು. ಇತ್ತ ತಪ್ಪು ಮಾಡಿದ ಸರ್ಕಾರೀ ವಕೀಲನಿಗೆ ಆಗುವ ನಷ್ಟವಾದರೂ ಏನು? ವಿಚಾರಣೆಯಲ್ಲಿ ತನ್ನ ಅಧಿಕಾರವನ್ನು ನಡೆಸಿದ್ದಕ್ಕಾಗಿ ಅವನ ಮೇಲೆ ನಷ್ಟಪರಿಹಾರದ ದಾವೆ ಹೂಡಲಾಗದೆಂದು ಅಮೆರಿಕದ ಪರಮೋಚ್ಚ ನ್ಯಾಯಾಲಯವು ೧೯೭೬ರಲ್ಲಿ, ಇಂಬ್ಲರ್ ಎಂಬವನ ಮೊಕದ್ದಮೆಯಲ್ಲಿ, ತೀರ್ಮಾನಿಸಿರುವುದು. ತಪ್ಪು ಒಬ್ಬನದು, ಲಾಭ ಇನ್ನೊಬ್ಬನಿಗೆ, ದಂಡ ಮೂರನೆಯವಳಿಗೆ. ಇದನ್ನು ನ್ಯಾಯವೆಂದು ಕರೆಯಲು ನಾಲಿಗೆ ಏಳುವುದು ಹೇಗೆ?

ಈ ಆಕ್ಷೇಪವು ಹಗುರವಾದುದಲ್ಲ. ಇದಕ್ಕೆ ಸಮಾಧಾನ ಹೇಳುವವರು ಸರ್ಕಾರೀ ವಕೀಲನ ಪದವಿ ಎಂತಹುದೆಂಬುದನ್ನು ಮೊದಲು ತಿಳಿದಿರಬೇಕು. ಉಳಿದ ವಕೀಲರು ತಮ್ಮ ಕಕ್ಷಿಗಾರನ ಗೆಲವನ್ನು ಬಯಸುವರು. ಅದು ಅವರ ಧರ್ಮ. ಸರ್ಕಾರೀ ವಕೀಲನ ಕಕ್ಷಿ ಯಾರು? ಪೆಟ್ಟು ತಿಂದವಳಲ್ಲ, ಪೊಲೀಸರೂ ಅಲ್ಲ, ಇಡೀ ಪ್ರಜಾಸಮೂಹ. ಆ ಪ್ರಜಾಸಮೂಹದಲ್ಲಿ ಆರೋಪಿಯೂ ಒಬ್ಬನು. ೧೯೩೫ರಲ್ಲಿ ಖೋಟಾ ನೋಟುಗಳಿಗೆ ಸಂಬಂಧಪಟ್ಟ ಬರ್ಗರ್ ಎಂಬವನ ಮೊಕದ್ದಮೆಯಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲೆಂಡರು ಈ ತತ್ತ್ವವನ್ನು ವಿವರಿಸಿದರು. ಸರ್ಕಾರದ ಹಿತವು ಮೊಕದ್ದಮೆಯನ್ನು ಗೆಲ್ಲುವುದರಲ್ಲಿಲ್ಲ, ನ್ಯಾಯವು ನಡೆಯುವುದರಲ್ಲಿದೆ. ಸರ್ಕಾರೀ ವಕೀಲನು ಬಲವಾಗಿ ಹೊಡೆಯಬಹುದು, ಆದರೆ ಧರ್ಮಬಾಹಿರವಾದ ಪೆಟ್ಟನ್ನು ಹೊಡೆಯಕೂಡದು ಎಂಬುದು ಅದರ ಭಾವ. ಆ ವಕೀಲನು ಸಾಕ್ಷ್ಯದಲ್ಲಿಲ್ಲದ ಸಂಗತಿಗಳನ್ನು ಇದ್ದಂತೆ ಸೂಚಿಸಿದ್ದನು, ಸಾಕ್ಷಿಗಳನ್ನು ಗದರಿಸಿದ್ದನು, ತನಗೆ ಸ್ವಂತ ತಿಳಿವಳಿಕೆಯಿರುವಂತೆ ನಟಿಸಿದ್ದನು. ಅಲ್ಲಿನ ಸಾಕ್ಷ್ಯವು ದುರ್ಬಲವಾಗಿದ್ದುದರಿಂದ ಈ ನಡತೆಯು ತೀರ್ಪನ್ನು ಕೆಡಿಸಿದೆಯೆಂದು ಎಣಿಸಿ, ನ್ಯಾಯಾಲಯವು ಹೊಸ ವಿಚಾರಣೆಗೆ ಆಜ್ಞೆ ಮಾಡಿತು. ಭಾರತದ ಸರ್ವೋಚ್ಚ ನ್ಯಾಯಾಲಯವೂ ೧೯೯೯ರಲ್ಲಿ, ಶಿವಕುಮಾರ್ ಎಂಬವರ ಮೊಕದ್ದಮೆಯಲ್ಲಿ, ಹೇಗಾದರೂ ಮಾಡಿ ಶಿಕ್ಷೆ ಕೊಡಿಸಬೇಕೆಂಬ ದಾಹವು ಪಬ್ಲಿಕ್ ಪ್ರಾಸಿಕ್ಯೂಟರನಿಗೆ ತಕ್ಕುದಲ್ಲವೆಂದು ಹೇಳಿರುವುದು. ಕಾಯಬೇಕಾದ ಬೇಲಿಯೇ ಎದ್ದು ಹೊಲವನ್ನು ಮೇದರೆ ಒಕ್ಕಲಿಗನು ಯಾರಿಗೆ ಮೊರೆಯಿಡಬೇಕು?

ಈ ಬೆಳಕಿನಲ್ಲಿ ಮೇಲಿನ ಉದಾಹರಣೆಯ ತಪ್ಪುಗಳನ್ನು ಒಂದೊಂದಾಗಿ ನೋಡಬಹುದು. ಆಕೆಯ ಸತ್ಯವನ್ನು ತಾನು ಬಲ್ಲೆನೆಂದು ವಕೀಲನು ಹೇಳಿದಾಗ ಅವನು ಪ್ರಮಾಣ ಮಾಡದೆಯೇ ಸಾಕ್ಷಿಯಾದನು. ಸರ್ಕಾರದ ಮನುಷ್ಯನಿಗೆ ತಮಗೆ ತಿಳಿಯದ ಇನ್ನೇನೋ ಗೊತ್ತಿರಬೇಕೆಂದು ಜೂರಿಯವರು ಭಾವಿಸುವುದು ಸಹಜ. ಅವನನ್ನು ಪಾಟೀಸವಾಲು ಮಾಡುವುದಕ್ಕಂತೂ ಯಾರಿಗೂ ಆಗದು. ಆರೋಪಿಯ ಮೌನವನ್ನೇ ತಪ್ಪೊಪ್ಪಿಗೆಯೆಂಬಂತೆ ಆಡುವುದನ್ನು ಅಮೆರಿಕದ ನ್ಯಾಯಾಲಯವು ೧೯೬೫ರಲ್ಲಿ ಗ್ರಿಫಿನ್ ಎಂಬವನ ಮೊಕದ್ದಮೆಯಲ್ಲಿ ನಿಷೇಧಿಸಿತು. ಭಾರತದ ೧೯೭೩ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯೂ, ಆರೋಪಿಯು ಸಾಕ್ಷಿ ನುಡಿಯದಿದ್ದುದನ್ನು ಕುರಿತು ಎದುರು ಪಕ್ಷವಾಗಲಿ ನ್ಯಾಯಾಧೀಶನಾಗಲಿ ಟೀಕಿಸಕೂಡದೆಂದು ವಿಧಿಸಿತ್ತು. ಊರಿಗೆಲ್ಲ ಬುದ್ಧಿ ಕಲಿಸಿರೆಂಬ ಮಾತಾದರೋ, ಒಬ್ಬ ಮನುಷ್ಯನ ತಲೆಯ ಮೇಲೆ ಊರಿನ ಎಲ್ಲ ಗಂಡಂದಿರ ಪಾಪವನ್ನೂ ಹೊರಿಸುವ ಮಾತು. ಟಿಪ್ಪಣಿಯನ್ನು ಅಡಗಿಸಿದ್ದು ಎಲ್ಲಕ್ಕಿಂತಲೂ ದೊಡ್ಡದು. ಆರೋಪಿಗೆ ಅನುಕೂಲವಾದ ಮುಖ್ಯ ಸಾಕ್ಷ್ಯವನ್ನು ಸರ್ಕಾರೀ ಪಕ್ಷವು ಬಚ್ಚಿಡಕೂಡದೆಂಬ ನಿಯಮವು ೧೯೬೩ರಲ್ಲಿ ಬ್ರೇಡಿ ಎಂಬವನ ಮೊಕದ್ದಮೆಯಿಂದ ಬಂದದ್ದು. ಪೊಲೀಸರ ಕೈಯಲ್ಲಿದ್ದು ವಕೀಲನ ಗಮನಕ್ಕೆ ಬಾರದ ಕಾಗದಕ್ಕೂ ಸರ್ಕಾರವೇ ಹೊಣೆಯೆಂದು ೧೯೯೫ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ ತೀರ್ಮಾನವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂತಹ ಮೊಕದ್ದಮೆಗಳಲ್ಲಿ ತಪ್ಪು ಮಾಡುವ ಸರ್ಕಾರೀ ವಕೀಲನು ದುಷ್ಟನಾಗಿಯೇ ಇರಬೇಕೆಂಬ ನಿಯಮವಿಲ್ಲ. ಅನೇಕ ವೇಳೆ ಕರುಣಾಳುವಾಗಿರುವನು. ಮನೆಯ ನಾಲ್ಕು ಗೋಡೆಗಳ ನಡುವೆ ನಡೆದ ಸಂಗತಿಗೆ ಬೇರೆ ಸಾಕ್ಷಿಗಳು ಸಿಕ್ಕುವುದು ಅಪರೂಪ. ಪೆಟ್ಟು ತಿಂದವಳು ಮೊದಲ ದಿನ ಜಾರಿ ಬಿದ್ದೆನೆನ್ನುವಳು. ಎರಡನೆಯ ದಿನ ನಿಜವನ್ನು ಹೇಳುವಳು. ಮೂರನೆಯ ದಿನ ಗಂಡನನ್ನು ಬಿಟ್ಟುಬಿಡಿರೆಂದು ಬೇಡುವಳು. ಇದು ಸುಳ್ಳಿನ ಲಕ್ಷಣವಲ್ಲ, ಭಯದ ಲಕ್ಷಣವೆಂಬುದನ್ನು ವಕೀಲನು ಅನುಭವದಿಂದ ಬಲ್ಲನು. ಜೂರಿಯವರು ಇದನ್ನು ಅರಿಯದೆ ಹೋದಾರೆಂದು ಹೆದರಿ, ಆ ಮೊದಲ ದಿನದ ಕಾಗದವನ್ನು ಕಡತದ ತಳದಲ್ಲಿ ಇಟ್ಟುಬಿಡುವನು. ಉದ್ದೇಶವು ಒಳ್ಳೆಯದೆಂಬುದನ್ನು ಒಪ್ಪಬಹುದು. ಆದರೆ ಉದ್ದೇಶ ಒಳ್ಳೆಯದಾದಷ್ಟೂ ಈ ತಪ್ಪಿನ ಅಪಾಯವು ಹೆಚ್ಚು. ಏಕೆಂದರೆ ಕೆಟ್ಟತನದಿಂದ ಬಚ್ಚಿಟ್ಟವನಿಗೆ ಎಂದಾದರೊಂದು ದಿನ ಮನಸ್ಸು ಚುಚ್ಚೀತು, ಪರೋಪಕಾರಕ್ಕಾಗಿ ಬಚ್ಚಿಟ್ಟವನಿಗೆ ಚುಚ್ಚುವುದೇ ಇಲ್ಲ.

ಅಷ್ಟೇ ಅಲ್ಲ, ಹೀಗೆ ಅಡಗಿಸುವುದು ಆ ಹೆಂಗಸಿಗೇ ಮಾಡಿದ ಅವಮಾನವಾಗುವುದು. ಆಕೆಯ ಸತ್ಯವು ಬೆಳಕಿನಲ್ಲಿ ನಿಲ್ಲಲಾರದೆಂದು ವಕೀಲನು ಮನಸ್ಸಿನಲ್ಲಿಯೇ ತೀರ್ಮಾನಿಸಿದ ಹಾಗಾಯಿತು. ಅವನು ಆ ಟಿಪ್ಪಣಿಯನ್ನು ಎದುರು ಪಕ್ಷಕ್ಕೆ ಕೊಟ್ಟು, ಕಟ್ಟೆಯಲ್ಲಿ ನಿಂತವಳನ್ನು ತಾನೇ ಮೊದಲು, ಆ ರಾತ್ರಿ ಜಾರಿ ಬಿದ್ದೆನೆಂದು ಏಕೆ ಹೇಳಿದೆಯಮ್ಮ ಎಂದು ಕೇಳಿದ್ದರೆ ಆಕೆ ಏನು ಹೇಳುತ್ತಿದ್ದಳು? ಗಂಡನು ಪಕ್ಕದ ಕೋಣೆಯಲ್ಲಿಯೇ ನಿಂತಿದ್ದನೆಂದೋ, ಮಗು ಎಚ್ಚರವಾಗಿತ್ತೆಂದೋ, ಪೊಲೀಸರು ಹೋದ ಮೇಲಿನ ಗತಿಯನ್ನು ನೆನೆದೆನೆಂದೋ ಹೇಳುತ್ತಿದ್ದಳು. ಹೃದಯವಿದ್ದ ಹನ್ನೆರಡು ಮಂದಿಗೆ ಆ ಉತ್ತರವು ಅರ್ಥವಾಗದೆ ಹೋಗುತ್ತಿತ್ತೆಂದು ಏಕೆ ಭಾವಿಸಬೇಕು? ಅಡಗಿಸದಿದ್ದರೆ ಅವಳ ಬಲವನ್ನೇ ಹೆಚ್ಚಿಸಬಹುದಾಗಿದ್ದ ಕಾಗದವು, ಅಡಗಿಸಿದುದರಿಂದ ಅವಳ ಗಂಡನ ಕೈಯ ಆಯುಧವಾಯಿತು.

ಇನ್ನು, ತಪ್ಪಾದೊಡನೆ ತೀರ್ಪು ಬಿದ್ದೇಹೋಗಬೇಕೆ ಎಂಬ ಪ್ರಶ್ನೆ. ಹಾಗೇನೂ ಇಲ್ಲ. ೧೯೬೭ರ ಚಾಪ್‌ಮನ್ ಮೊಕದ್ದಮೆಯ ಪ್ರಕಾರ, ಸಂವಿಧಾನದತ್ತವಾದ ಹಕ್ಕಿಗೆ ಭಂಗ ಬಂದಿದ್ದರೂ, ಆ ಲೋಪವು ತೀರ್ಪಿಗೆ ಬಾಧಕವಾಗಲಿಲ್ಲವೆಂದು ಸರ್ಕಾರವು ಸಂದೇಹಾತೀತವಾಗಿ ತೋರಿಸಿದರೆ ತೀರ್ಪು ಉಳಿಯುವುದು. ನೋಡಬೇಕಾದದ್ದು ಸರ್ಕಾರೀ ವಕೀಲನ ದೋಷವೆಷ್ಟೆಂಬುದನ್ನಲ್ಲ, ವಿಚಾರಣೆಯು ನ್ಯಾಯವಾಗಿ ನಡೆಯಿತೇ ಎಂಬುದನ್ನು ಎಂದು ೧೯೮೨ರಲ್ಲಿ ಹೇಳಲ್ಪಟ್ಟಿತು. ಅಡಗಿಸಿದ ಸಾಕ್ಷ್ಯದ ವಿಷಯದಲ್ಲಿ, ಅದು ಹೊರಗೆ ಬಂದಿದ್ದರೆ ಫಲವು ಬೇರೆಯಾಗುವ ಸಂಭವವಿತ್ತೇ ಎಂದು ಕೇಳಬೇಕೆಂದು ೧೯೮೫ರಲ್ಲಿ ನಿರ್ಣಯವಾಯಿತು. ೧೯೮೬ರ ಡಾರ್ಡನ್ ಮೊಕದ್ದಮೆಯಲ್ಲಿ ಸರ್ಕಾರೀ ವಕೀಲನು ಆರೋಪಿಯನ್ನು ಪಶುವೆಂದು ಕರೆದಿದ್ದನು; ಆ ಮಾತುಗಳನ್ನು ನ್ಯಾಯಾಲಯವು ಖಂಡಿಸಿತು, ಆದರೆ ನಾಲ್ವರು ನ್ಯಾಯಮೂರ್ತಿಗಳು ಭಿನ್ನಮತವಿತ್ತರೂ ಐವರ ಬಹುಮತದಿಂದ ತೀರ್ಪನ್ನು ಉಳಿಸಿತು. ಭಾರತದ ಪ್ರಕ್ರಿಯಾ ಸಂಹಿತೆಯ ೪೬೫ನೆಯ ಪ್ರಕರಣವೂ, ನ್ಯಾಯಕ್ಕೆ ಚ್ಯುತಿ ಬಂದಿದ್ದ ಹೊರತು ಕ್ರಮದ ಲೋಪಕ್ಕಾಗಿಯೇ ತೀರ್ಪನ್ನು ರದ್ದುಮಾಡಕೂಡದೆಂದು ಹೇಳುತ್ತಿತ್ತು.

ನೊಂದವಳ ಕಷ್ಟವನ್ನು ನೇರವಾಗಿ ಎತ್ತಿಕೊಂಡದ್ದು ೧೯೮೩ರ ಹೇಸ್ಟಿಂಗ್ ಎಂಬವನ ಮೊಕದ್ದಮೆ. ಸ್ತ್ರೀಯರನ್ನು ಅಪಹರಿಸಿ ಅತ್ಯಾಚಾರ ಮಾಡಿದವರ ವಿಚಾರಣೆಯಲ್ಲಿ ಸರ್ಕಾರೀ ವಕೀಲನು ಆರೋಪಿಗಳ ಮೌನವನ್ನು ಸೂಚಿಸುವಂತಹ ಮಾತನ್ನಾಡಿದ್ದನು. ಇಂತಹ ಮಾತುಗಳು ಪದೇ ಪದೇ ಬರುತ್ತಿವೆಯೆಂದು ಬೇಸತ್ತ ಕೆಳಗಿನ ಅಪೀಲು ನ್ಯಾಯಾಲಯವು ತೀರ್ಪನ್ನು ರದ್ದುಮಾಡಿತು. ಪರಮೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ವಕೀಲರಿಗೆ ಬುದ್ಧಿ ಕಲಿಸುವುದಕ್ಕಾಗಿ, ಬಾಧಕವಲ್ಲದ ಲೋಪಕ್ಕೆ ತೀರ್ಪನ್ನು ಬೀಳಿಸಕೂಡದು. ನೊಂದವರು ಆ ಭಯಂಕರ ಅನುಭವವನ್ನು ಮತ್ತೆ ಹೇಳಬೇಕಾಗುವ ಯಾತನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಅಭಿಪ್ರಾಯ.

ಈ ತೀರ್ಪು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಟ್ಟಿತು. ತಪ್ಪು ಮಾಡಿದ ವಕೀಲನನ್ನು ಏನು ಮಾಡಬೇಕೆಂಬುದು ಒಂದು. ಈ ತೀರ್ಪನ್ನು ನಂಬಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವಾಗಿ ತೀರ್ಪನ್ನು ರದ್ದುಮಾಡುವುದು ಎಮ್ಮೆಗೆ ಬರೆ ಹಾಕಿದಂತೆಯೇ. ಪೂರ್ವಪಕ್ಷದವರ ಮಾತು ಅಲ್ಲಿಗೆ ಪೂರ್ತಿಯಾಗಿ ಸಲ್ಲುವುದು. ಎರಡನೆಯದಕ್ಕೆ ಉತ್ತರವಾಗಿ ರದ್ದುಮಾಡುವುದು ಬೇರೆ ಮಾತು. ಆಗ ಅದು ಗಂಡನಿಗೆ ಕೊಟ್ಟ ಬಹುಮಾನವೂ ಅಲ್ಲ, ವಕೀಲನಿಗೆ ವಿಧಿಸಿದ ದಂಡವೂ ಅಲ್ಲ. ಅಳತೆಯ ಸೇರು ಸರಿಯಾಗಿರಲಿಲ್ಲವಾದುದರಿಂದ ಮತ್ತೊಮ್ಮೆ ಅಳೆಯಬೇಕೆಂದು ಹೇಳಿದಂತೆ. ಇಂತಹ ಅಪೀಲು ಗೆದ್ದವನು ಸಾಮಾನ್ಯವಾಗಿ ಬಿಡುಗಡೆ ಹೊಂದುವುದಿಲ್ಲ. ಮತ್ತೆ ವಿಚಾರಣೆಗೆ ಗುರಿಯಾಗುವನು. ನಿಯಮಕ್ಕೆ ಹೆಸರು ಕೊಟ್ಟ ಬ್ರೇಡಿಗೂ ದೊರೆತದ್ದು ಶಿಕ್ಷೆಯ ಪ್ರಮಾಣವನ್ನು ಕುರಿತ ಮರುವಿಚಾರಣೆ ಮಾತ್ರ; ಅವನು ಅಪರಾಧಿಯೆಂಬ ನಿರ್ಣಯವು ಹಾಗೆಯೇ ಉಳಿಯಿತು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಮರೆಯಲಾಗದು. ಖಂಡಿಸಿ ಬಿಟ್ಟುಬಿಡುವ ಖಂಡನೆಗೆ ಯಾರು ಅಂಜುವರು? ಸಾಕ್ಷ್ಯವು ಬಲವಾಗಿದ್ದರೆ ತಪ್ಪು ಮಾಡಿದರೂ ನಡೆಯುವುದೆಂದು ವಕೀಲರು ಕಲಿತುಕೊಂಡರೆ ಅಪರಾಧಿಯ ಮೇಲೆ ಮಾಡಿದ ಅಭ್ಯಾಸವು ನಾಳೆ ನಿರಪರಾಧಿಯ ಮೇಲೆಯೂ ನಡೆಯುವುದು. ಆದುದರಿಂದ ತೀರ್ಪನ್ನು ಉಳಿಸಿದ ಕಡೆಯಲ್ಲಿಯೇ ವಕೀಲನ ಮೇಲಣ ಶಿಸ್ತಿನ ಕ್ರಮವು ಹೆಚ್ಚು ಬಿಗಿಯಾಗಿರಬೇಕಾದದ್ದು. ದೋಷವನ್ನು ಆದ ಸ್ಥಳದಲ್ಲಿಯೇ ತಿದ್ದುವುದು ಇದಕ್ಕಿಂತಲೂ ಉತ್ತಮ. ಅಯುಕ್ತವಾದ ಮಾತು ಬಂದಾಗ ಆರೋಪಿಯ ವಕೀಲನು ಎದ್ದು ಆಕ್ಷೇಪಿಸಬೇಕು. ಸುಮ್ಮನಿದ್ದು ಅಪೀಲಿನಲ್ಲಿ ಎತ್ತಿದರೆ ಅದಕ್ಕೆ ಬಲವು ಕುಗ್ಗುವುದೆಂಬುದು ೧೯೮೫ರ ಯಂಗ್ ಎಂಬವನ ಮೊಕದ್ದಮೆಯಿಂದ ತಿಳಿಯುವುದು. ನ್ಯಾಯಾಧೀಶನು ಆ ಕ್ಷಣದಲ್ಲಿಯೇ ಜೂರಿಯವರನ್ನು ಎಚ್ಚರಿಸಬೇಕು.

ಕನ್ನಡನಾಡಿಗೆ ಈ ವಿಚಾರವು ದೂರದ್ದಲ್ಲ. ೧೯೭೩ರ ಸಂಹಿತೆಯಲ್ಲಿ ಜೂರಿಗೆ ಸ್ಥಳವುಳಿಯಲಿಲ್ಲವಾದುದರಿಂದ ಜೂರಿಯನ್ನು ಕೆರಳಿಸುವ ಮಾತುಗಳ ಪ್ರಶ್ನೆ ಇಲ್ಲಿ ಅಷ್ಟಾಗಿ ಏಳದು. ಕಡತದಲ್ಲಿ ಉಳಿದುಹೋಗುವ ಕಾಗದದ ಪ್ರಶ್ನೆ ಮಾತ್ರ ಇಲ್ಲಿಯೂ ಇದ್ದೇ ಇದೆ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿದ್ದ, ತಮಿಳುನಾಡಿನ ಮಾಜಿ ಮುಖ್ಯಮಂತ್ರಿಯ ಆಸ್ತಿಗೆ ಸಂಬಂಧಪಟ್ಟ ಮೊಕದ್ದಮೆಯಿಂದಲೇ ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಇಂತಹ ಪ್ರಶ್ನೆ ಹೋಗಿ, ಪ್ರಾಸಿಕ್ಯೂಷನ್ನಿನವರು ಗುರುತು ಹಾಕಿಸದೆ ಬಿಟ್ಟ ದಸ್ತಾವೇಜುಗಳನ್ನೂ ಆರೋಪಿಯು ನೋಡಬಹುದೆಂದು ತೀರ್ಮಾನವಾಯಿತು. ೨೦೨೧ರಲ್ಲಿ ಅದೇ ನ್ಯಾಯಾಲಯವು, ತಾವು ಆಧಾರವಾಗಿಟ್ಟುಕೊಳ್ಳದ ಹೇಳಿಕೆಗಳ ಮತ್ತು ದಸ್ತಾವೇಜುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು ನಿಯಮವನ್ನು ಸೂಚಿಸಿತು.

ಹೆಂಡಿರ ಮೇಲಣ ಕ್ರೌರ್ಯದ ಶಾಸನವನ್ನು ಕುರಿತು ಈ ನಾಡಿನಲ್ಲಿ ಎರಡು ಗುಂಪುಗಳು ಎದುರುಬದುರಾಗಿ ನಿಂತಿರುವುದನ್ನು ಎಲ್ಲರೂ ಬಲ್ಲರು. ಶಾಸನವು ದುರುಪಯೋಗವಾಗುತ್ತಿದೆಯೆಂದು ಒಬ್ಬರು, ನೊಂದವರಿಗೆ ನ್ಯಾಯವೇ ಸಿಕ್ಕುತ್ತಿಲ್ಲವೆಂದು ಇನ್ನೊಬ್ಬರು. ಇವರಿಬ್ಬರ ನಡುವೆ ಸರ್ಕಾರೀ ವಕೀಲನ ನಿಷ್ಪಕ್ಷಪಾತವೊಂದೇ ಇಬ್ಬರನ್ನೂ ಕಾಪಾಡತಕ್ಕದ್ದು. ಅವನು ಕಾಗದವನ್ನು ಅಡಗಿಸಿ ಗೆದ್ದ ತೀರ್ಪು ಮೇಲಣ ನ್ಯಾಯಾಲಯದಲ್ಲಿ ಬಿದ್ದರೆ, ಬೀದಿಯ ಜನರು ಅದನ್ನು ವಕೀಲನ ತಪ್ಪಿನಿಂದ ಬಿದ್ದ ತೀರ್ಪೆಂದು ಹೇಳುವರೆ? ಹೆಂಡತಿ ಹೂಡಿದ್ದ ಸುಳ್ಳು ಕೇಸು ಬಿದ್ದುಹೋಯಿತೆಂದು ಹೇಳುವರು. ಆ ಅಪವಾದವು ಮುಂದೆ ಅದೇ ಬಾಗಿಲಿಗೆ ಬರುವ ಪ್ರತಿಯೊಬ್ಬ ಹೆಂಗಸಿನ ಮುಖಕ್ಕೂ ಹತ್ತುವುದು.

ಹಾಗಾದರೆ ಮೊದಲು ಹೇಳಿದ ಉದಾಹರಣೆಯಲ್ಲಿ ಅಪೀಲು ನ್ಯಾಯಾಧೀಶನು ಏನು ಮಾಡತಕ್ಕದ್ದು? ವೈದ್ಯನು ಗಾಯಗಳನ್ನು ನೋಡಿ ನುಡಿದಿದ್ದರೆ, ನೆರೆಯವರು ಕೂಗನ್ನು ಕೇಳಿದ್ದರೆ, ಆಪತ್ತಿನಲ್ಲಿ ಆಕೆ ಮಾಡಿದ ಟೆಲಿಫೋನಿನ ಕರೆ ದಾಖಲೆಯಲ್ಲಿದ್ದರೆ, ವಕೀಲನ ಅಯುಕ್ತವಾದ ಮಾತುಗಳನ್ನೂ ಅಡಗಿದ ಟಿಪ್ಪಣಿಯನ್ನೂ ತೆಗೆದು ಬದಿಗಿಟ್ಟರೂ ತೀರ್ಪು ತನ್ನ ಕಾಲ ಮೇಲೆ ತಾನು ನಿಲ್ಲುವುದು. ಅಪೀಲನ್ನು ವಜಾಮಾಡಿ, ವಕೀಲನನ್ನು ಶಿಸ್ತಿಗೆ ಒಪ್ಪಿಸುವುದು ಸರಿ. ಎಲ್ಲವೂ ಆಕೆಯ ಒಂದು ಮಾತಿನ ಮೇಲೆಯೇ ನಿಂತಿದ್ದು, ಆ ಮಾತನ್ನು ಪರೀಕ್ಷಿಸಬಹುದಾಗಿದ್ದ ಒಂದೇ ಕಾಗದವನ್ನು ಕಿತ್ತುಕೊಂಡಿದ್ದರೆ, ಎಷ್ಟೇ ನೋವಾದರೂ ಮರುವಿಚಾರಣೆಗೆ ಆಜ್ಞೆ ಮಾಡಬೇಕು. ಆಗ ಅದರ ಭಾರವನ್ನು ಆಕೆಯೊಬ್ಬಳ ಹೆಗಲಿಗೆ ಬಿಡಕೂಡದು. ತಪ್ಪು ಸರ್ಕಾರದ್ದಾದುದರಿಂದ ಋಣವೂ ಸರ್ಕಾರದ್ದೇ: ಆಕೆಗೆ ರಕ್ಷಣೆ ಕೊಡುವುದು, ಗಂಡನು ಹತ್ತಿರ ಸುಳಿಯದಂತೆ ತಡೆಯುವುದು, ವಿಚಾರಣೆಯನ್ನು ಮುಂದೂಡದೆ ಬೇಗ ಮುಗಿಸುವುದು, ಕೋರ್ಟಿಗೆ ಬಂದು ಹೋಗುವ ದಿನಗಳಲ್ಲಿ ಆಕೆಯ ಸಂಸಾರವು ಉಪವಾಸ ಬೀಳದಂತೆ ನೋಡಿಕೊಳ್ಳುವುದು, ಇವು ದಯೆಯಿಂದ ಮಾಡುವ ಉಪಕಾರಗಳಲ್ಲ, ಸಲ್ಲಿಸಲೇಬೇಕಾದ ಬಾಕಿ.

ಹೊಡೆಸಿಕೊಂಡವಳಿಗೆ ಬೇಕಾದುದು ಹೇಗಾದರೂ ಬಂದ ಗೆಲವಲ್ಲ, ಮತ್ತೆ ಯಾರೂ ಕೀಳಲಾರದ ತೀರ್ಪು. ಅದನ್ನು ಕೊಡಿಸುವ ದಾರಿ ಒಂದೇ. ಆಕೆಯ ಪರವಾಗಿ ಎದ್ದು ನಿಂತವನು ಆಕೆಗೆ ಪ್ರತಿಕೂಲವಾದ ಕಾಗದವನ್ನೂ ಮೇಜಿನ ಮೇಲೆ ಇಟ್ಟು ಮಾತನಾಡಬೇಕು. ಅಷ್ಟು ಧೈರ್ಯವಿಲ್ಲದ ಕರುಣೆಯು ಆಕೆಯನ್ನು ಒಂದು ದಿನ ಗೆಲ್ಲಿಸಿ ಮರುದಿನ ಬೀದಿಯಲ್ಲಿ ನಿಲ್ಲಿಸುವುದು.